ಜೋನಿ ಮಿಚೆಲ್ ಅವರ ನಾಲ್ಕು ಆಲ್ಬಮ್‌ಗಳು: ಬೇಸ್ ಗಿಟಾರಿನ ಬೆನ್ನು ಹಿಡಿದು

ಕೆನಡಾ ಮೂಲದ ಗಾಯಕಿ, ಗೀತರಚನಕಾರ್ತಿ ಜೋನಿ ಮಿಚೆಲ್ ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಅವರ ಸಾಹಿತ್ಯವನ್ನೋ ಗಿಟಾರಿನ ವಿಚಿತ್ರ ಶ್ರುತಿಗಳನ್ನೋ ಮುಂದಿಟ್ಟುಕೊಂಡು ಬರೆಯುತ್ತಾರೆ. ರೈನೋ ಸಂಸ್ಥೆ 2024ರ ಜೂನ್ ತಿಂಗಳಿನಲ್ಲಿ ಹೊರತಂದ 'ದಿ ಅಸೈಲಮ್ ಆಲ್ಬಮ್ಸ್ 1976–1980' (ಅಸೈಲಮ್ ಎಂಬುದು ಆಗ ಮಿಚೆಲ್ ಅವರ ಧ್ವನಿಮುದ್ರಣ ಸಂಸ್ಥೆ) ಎಂಬ ಬಾಕ್ಸ್ ಸೆಟ್ಟನ್ನು ನಾನು ಬೇಕೆಂದೇ ತಳದಿಂದ, ಅಂದರೆ ಬೇಸ್ ಗಿಟಾರನ್ನೇ ಹಿಂಬಾಲಿಸುತ್ತ, ಕೇಳುತ್ತ ಹೋದೆ. 'ಹೆಜಿರಾ' (1976), 'ಡಾನ್ ಹುವಾನ್ಸ್ ರೆಕ್‌ಲೆಸ್ ಡಾಟರ್' (1977), 'ಮಿಂಗಸ್' (1979) ಮತ್ತು 'ಶ್ಯಾಡೋಸ್ ಅಂಡ್ ಲೈಟ್' (1980) ಎಂಬ ನಾಲ್ಕು ಆಲ್ಬಮ್‌ಗಳು ಇದರಲ್ಲಿ ಐದು ಸಿ.ಡಿ.ಗಳಾಗಿ ಅಥವಾ ಆರು ಎಲ್.ಪಿ.ಗಳಾಗಿ ಸಿಗುತ್ತವೆ. ಬರ್ನಿ ಗ್ರಂಡ್‌ಮನ್ ಇವುಗಳ ಧ್ವನಿಯನ್ನು ಹೊಸದಾಗಿ ಮಾಸ್ಟರ್ ಮಾಡಿದ್ದಾರೆ. ಈ ನಾಲ್ಕು ವರ್ಷಗಳಲ್ಲಿ ಮಿಚೆಲ್ ಅವರ ಶೈಲಿ ಎಷ್ಟು ದೂರ ಸಾಗಿತೆಂಬುದು ಹಾಡಿನ ಮೇಲ್ಪದರಕ್ಕಿಂತ ಮಂದ್ರಸ್ಥಾಯಿಯಲ್ಲೇ ಚೆನ್ನಾಗಿ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಕಾರಣ ಅವರ ಎಡಗೈಯಲ್ಲಿದೆ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಪೋಲಿಯೋದಿಂದಾಗಿ ಆ ಕೈ ದುರ್ಬಲವಾಗಿತ್ತು. ಎಲ್ಲರೂ ಹಿಡಿಯುವಂತೆ ಸ್ವರಮೇಳಗಳನ್ನು (ಕಾರ್ಡ್‌ಗಳನ್ನು) ಹಿಡಿಯುವುದು ಕಷ್ಟವಾದ್ದರಿಂದ ಅವರು ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡು, ಒಂದೆರಡು ಬೆರಳುಗಳಿಂದ ಹಿಡಿಯಬಹುದಾದ ಹತ್ತಾರು ಹೊಸ ಹೊಂದಾಣಿಕೆಗಳನ್ನು ಕಂಡುಕೊಂಡರು. ಹೀಗೆ ಹುಟ್ಟಿದ ಸ್ವರಮೇಳಗಳಿಗೆ ಒಂದು ಸ್ವಭಾವವಿದೆ. ಅವು ಎಲ್ಲಿಯೂ ಪೂರ್ತಿಯಾಗಿ ಕೂರುವುದಿಲ್ಲ, ಆಧಾರ ಷಡ್ಜ ಯಾವುದೆಂದು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬೇಸ್ ವಾದಕನ ವಾಡಿಕೆಯ ಕೆಲಸವಾದರೋ ಪ್ರತಿ ಸ್ವರಮೇಳದ ತಳಸ್ವರವನ್ನು ತಾಳದೊಂದಿಗೆ ಊರಿ ನಿಲ್ಲಿಸುವುದು. ಮಿಚೆಲ್ ಅವರ ಹಾಡಿನಲ್ಲಿ ಹಾಗೆ ಊರಿದರೆ ಗಾಯಕಿ ಬೇಕೆಂದೇ ತೆರೆದಿಟ್ಟ ಪ್ರಶ್ನೆಗೆ ಪಕ್ಕವಾದ್ಯದವನು ಅವಸರದಿಂದ ಉತ್ತರ ಹೇಳಿಬಿಟ್ಟಂತಾಗುತ್ತದೆ. ರಾಕ್ ಸಂಗೀತದ ವಾದಕರೊಡನೆ ಅವರಿಗೆ ಮತ್ತೆ ಮತ್ತೆ ಎದುರಾದ ತೊಡಕು ಇದೇ, ಅವರು ಜಾಜ್ ಬಲ್ಲವರ ಕಡೆಗೆ ತಿರುಗಿದ್ದೂ ಇದರಿಂದಲೇ.

ಈ ಸೆಟ್ಟಿಗಿಂತ ಹಿಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1968ರ ಮೊದಲ ಆಲ್ಬಮ್ಮಿನಲ್ಲಿ ಬೇಸ್ ಇಲ್ಲವೆಂದೇ ಹೇಳಬೇಕು. ಸ್ಟೀಫನ್ ಸ್ಟಿಲ್ಸ್ ಒಂದು ಹಾಡಿಗೆ ನುಡಿಸಿ ಹೋಗುತ್ತಾರೆ. 1971ರ 'ಬ್ಲೂ' ಆಲ್ಬಮ್ಮಿನ 'ಕ್ಯಾರಿ' ಹಾಡಿನಲ್ಲಿಯೂ ಅವರೇ ಇದ್ದಾರೆ. 1972ರ 'ಫಾರ್ ದಿ ರೋಸಸ್' ಹೊತ್ತಿಗೆ ವಿಲ್ಟನ್ ಫೆಲ್ಡರ್ ಬರುತ್ತಾರೆ. ಸ್ಯಾಕ್ಸೋಫೋನ್ ವಾದಕರೆಂದೇ ಹೆಸರಾದ ಅವರ ಬೇಸ್ ನುಡಿಕೆಯಲ್ಲಿ ಉಸಿರು ತೆಗೆದುಕೊಳ್ಳುವವನ ಬಿಡುವುಗಳಿವೆ. 1974ರ 'ಕೋರ್ಟ್ ಅಂಡ್ ಸ್ಪಾರ್ಕ್'ನಿಂದ ಮ್ಯಾಕ್ಸ್ ಬೆನೆಟ್ ಸೇರಿಕೊಂಡರು. ಡ್ರಮ್ಸ್‌ನಲ್ಲಿ ಜಾನ್ ಗೆರಿನ್ ಇದ್ದರು. ಆ ಕಾಲದ ಅವರ ಸಂಗೀತಕ್ಕೆ ಒಂದು ನಗರದ ನಯ ಬಂದದ್ದು ಈ ಜೋಡಿಯಿಂದ. ಬೆನೆಟ್ ತಾನಾಗಿ ಗಮನ ಸೆಳೆಯುವ ವಾದಕರಲ್ಲ. ಅದೇ ಕಾರಣಕ್ಕೆ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಈ ಮಾತಿಗೆ ಮುಂದೆ ಮರಳುತ್ತೇನೆ.

ಈ ಸೆಟ್ಟಿನ ನಾಯಕ ಮಾತ್ರ ಜಾಕೋ ಪಾಸ್ಟೋರಿಯಸ್, ಅದರಲ್ಲಿ ಎರಡು ಮಾತಿಲ್ಲ. 1951ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಫ್ಲೋರಿಡಾದಲ್ಲಿ ಬೆಳೆದ ಈತ 1962ರ ಒಂದು ಫೆಂಡರ್ ಜಾಜ್ ಬೇಸ್‌ನ ಕತ್ತಿನ ಮೇಲೆ ಸ್ವರಸ್ಥಾನಗಳನ್ನು ಗುರುತಿಸುವ ಲೋಹದ ಮೆಟ್ಟಿಲುಗಳನ್ನು (ಫ್ರೆಟ್‌ಗಳನ್ನು) ಕಿತ್ತುಹಾಕಿ, ಆ ಸೀಳುಗಳನ್ನು ತುಂಬಿ, ಹಲಗೆಯ ಮೇಲೆ ದೋಣಿಗಳಿಗೆ ಬಳಿಯುವ, ಒಣಗಿದರೆ ಗಡಸಾಗುವ ಎಪಾಕ್ಸಿ ಅಂಟನ್ನು ಲೇಪಿಸಿಕೊಂಡಿದ್ದರು. ಮೆಟ್ಟಿಲುಗಳಿಲ್ಲದ ಮೇಲೆ ಬೇಸ್ ಗಿಟಾರು ಪಿಟೀಲಿನ ಹಾಗಾಗುತ್ತದೆ. ಸ್ವರ ಎಲ್ಲಿದೆಯೆಂದು ಬೆರಳೇ ಬಲ್ಲದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು, ನಿಂತ ಸ್ವರವನ್ನು ನಡುಗಿಸಬಹುದು. ಎಪಾಕ್ಸಿಯ ಗಡಸು ಮೈಯ ಮೇಲೆ ಸುತ್ತುತಂತಿಗಳು ಉಜ್ಜುವಾಗ ಒಂದು ಗುಂಯ್‌ಗುಡುವ ಹೊಳಪು ಹುಟ್ಟುತ್ತದೆ. ಬಲಗೈಯನ್ನು ಸೇತುವೆಯ ಕಡೆಗೆ, ತಂತಿಯ ಕಂಪನವನ್ನು ಹಿಡಿಯುವ ಹಿಂದಿನ ಪಿಕಪ್ಪಿನ ಬಳಿ ಇಟ್ಟು ಮೀಟುತ್ತಿದ್ದುದರಿಂದ ಆ ಸ್ವರಕ್ಕೆ ಸ್ವಲ್ಪ ಮೂಗಿನ ಧ್ವನಿಯೂ ಸೇರುತ್ತದೆ. ಒಟ್ಟಿನಲ್ಲಿ ಅದು ಮಾತನಾಡುವ ಬೇಸ್. ಮಾತೇ ಹಾಡಾಗುವ ಗಾಯಕಿಯ ಪಕ್ಕದಲ್ಲಿ ಅದು ಬಂದು ಕುಳಿತದ್ದು 1976ರಲ್ಲಿ, ವೆದರ್ ರಿಪೋರ್ಟ್ ಎಂಬ ಜಾಜ್ ತಂಡಕ್ಕೆ ಜಾಕೋ ಸೇರಿದ ವರ್ಷವೇ.

'ಹೆಜಿರಾ' ಎಂಬ ಹೆಸರು ವಲಸೆಯನ್ನು ಸೂಚಿಸುವ ಅರಬ್ಬಿ ಪದದಿಂದ ಬಂದದ್ದು. ಅಮೆರಿಕದ ಉದ್ದಗಲಕ್ಕೆ ಕಾರು ಓಡಿಸುತ್ತ ಮಿಚೆಲ್ ಬರೆದ ಹಾಡುಗಳಿವು, ಹಾಗಾಗಿ ಇಡೀ ಆಲ್ಬಮ್ ರಸ್ತೆಯ ವೇಗದಲ್ಲಿಯೇ ಚಲಿಸುತ್ತದೆ. ಮೊದಲ ಹಾಡು 'ಕಯೋಟಿ'ಯಲ್ಲಿ ಡ್ರಮ್ಸ್ ಇಲ್ಲ. ಮಿಚೆಲ್ ಅವರ ಗಿಟಾರು, ಲ್ಯಾರಿ ಕಾರ್ಲ್‌ಟನ್ ಅವರ ಎಲೆಕ್ಟ್ರಿಕ್ ಗಿಟಾರು, ಬಾಬಿ ಹಾಲ್ ಅವರ ತಾಳವಾದ್ಯ, ಇವುಗಳ ಕೆಳಗೆ ಜಾಕೋ. ಗಾಯಕಿ ಒಂದೇ ಉಸಿರಿನಲ್ಲಿ ಮಾತುಗಳನ್ನು ಸುರಿಯುತ್ತಿರುವಾಗ ಬೇಸ್ ತಳದಲ್ಲಿ ತಿರುತಿರುಗಿ ಅದೇ ಗತಿಯನ್ನು ನಡೆಸುತ್ತದೆ, ಸಾಲು ಮುಗಿದು ಜಾಗ ಸಿಕ್ಕ ಕೂಡಲೇ ಮೇಲಕ್ಕೆ ನೆಗೆದು ತಂತಿಯ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಭಾಗಗಳಲ್ಲಿ ಬೆರಳು ತಾಗಿಸಿದಾಗ ಹುಟ್ಟುವ ಗಂಟೆಯಂತಹ ಹಾರ್ಮೋನಿಕ್ ಸ್ವರಗಳನ್ನು ಮುಟ್ಟಿ ಮತ್ತೆ ಇಳಿಯುತ್ತದೆ. ಶೀರ್ಷಿಕೆ ಗೀತೆಯಲ್ಲಿ ಜಾಕೋ ಒಂದಕ್ಕಿಂತ ಹೆಚ್ಚು ಬೇಸ್‌ಗಳನ್ನು ಒಂದರ ಮೇಲೊಂದು ಧ್ವನಿಮುದ್ರಿಸಿದ್ದಾರೆ. ಹೆಡ್‌ಫೋನಿನಲ್ಲಿ ಕೇಳಿದರೆ ಒಂದು ಕೆಳಗೆ ನೆಲ ಹಿಡಿದಿರುವುದೂ ಇನ್ನೊಂದು ಅದರ ಮೇಲೆ ಸುಳಿಯುವುದೂ ಬೇರೆಬೇರೆಯಾಗಿ ತಿಳಿಯುತ್ತದೆ. ಸಾಹಿತ್ಯದಲ್ಲಿ ಜಾಜ್ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಹೆಸರು ಬಂದೆಡೆ ಏಬ್ ಮೋಸ್ಟ್ ಅವರ ಕ್ಲಾರಿನೆಟ್ ಸಣ್ಣಗೆ ಸುಳಿದು ಮರೆಯಾಗುತ್ತದೆ. ಆಗ ಬೇಸ್ ದಾರಿ ಬಿಟ್ಟು ನಿಲ್ಲುವ ಸೌಜನ್ಯವನ್ನೂ ಗಮನಿಸಬೇಕು.

ಆದರೆ 'ಹೆಜಿರಾ' ಎಂದೊಡನೆ ಜಾಕೋ ಎನ್ನುವ ರೂಢಿಗೆ ಒಂದು ತಿದ್ದುಪಡಿ ಅಗತ್ಯ. ಒಂಬತ್ತು ಹಾಡುಗಳಲ್ಲಿ ಅವರು ನುಡಿಸಿರುವುದು ನಾಲ್ಕರಲ್ಲಿ ಮಾತ್ರ. ಎಂಟು ನಿಮಿಷಗಳಿಗೂ ದೀರ್ಘವಾದ 'ಸಾಂಗ್ ಫಾರ್ ಶ್ಯಾರನ್' ಹಾಡನ್ನು ಹೊತ್ತು ನಡೆದವರು ಮ್ಯಾಕ್ಸ್ ಬೆನೆಟ್. ಪಲ್ಲವಿಯಿಲ್ಲದೆ ಚರಣದ ಮೇಲೆ ಚರಣ ಬರುವ ಈ ಹಾಡಿನಲ್ಲಿ ಗಾಯಕಿ ಮದುವೆ, ಸ್ವಾತಂತ್ರ್ಯ, ಬಾಲ್ಯದ ಗೆಳತಿ ಎಂದು ಒಂದು ನೆನಪಿನಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ಬೇಸ್ ಕೂಡ ಅಲೆಯತೊಡಗಿದ್ದರೆ ಕೇಳುಗನಿಗೆ ಕಾಲೂರಲು ಜಾಗವಿರುತ್ತಿರಲಿಲ್ಲ. ಬೆನೆಟ್ ಅಲ್ಲಾಡುವುದಿಲ್ಲ. ಇನ್ನು 'ಅಮೀಲಿಯಾ'ದಲ್ಲಿ ಬೇಸ್ ವಾದಕರೇ ಇಲ್ಲ. 1937ರಲ್ಲಿ ವಿಮಾನದೊಂದಿಗೆ ಕಾಣೆಯಾದ ಅಮೀಲಿಯಾ ಇಯರ್‌ಹಾರ್ಟ್ ಅವರನ್ನು ಕರೆದು ಮಾತನಾಡಿಸುವ ಈ ಹಾಡಿನಲ್ಲಿ ಗಿಟಾರುಗಳ ಜೊತೆಗಿರುವುದು ವಿಕ್ಟರ್ ಫೆಲ್ಡ್‌ಮನ್ ಅವರ ವೈಬ್ರಾಫೋನ್ ಮಾತ್ರ. ನೆಲವೇ ಕಾಣದ ಎತ್ತರದ ಹಾಡಿಗೆ ನೆಲದ ವಾದ್ಯವನ್ನು ಸೇರಿಸದೆ ಬಿಟ್ಟ ಆ ತೀರ್ಮಾನವನ್ನು ನಾನು ಇಡೀ ಸೆಟ್ಟಿನ ಅತ್ಯುತ್ತಮ ಬೇಸ್ ತೀರ್ಮಾನವೆಂದೇ ಎಣಿಸುತ್ತೇನೆ.

'ಡಾನ್ ಹುವಾನ್ಸ್ ರೆಕ್‌ಲೆಸ್ ಡಾಟರ್' ಎರಡು ಎಲ್.ಪಿ.ಗಳ ಆಲ್ಬಮ್, ಅದರ ಗುಣವೂ ದೋಷವೂ ಆ ಅಗಲದಲ್ಲಿಯೇ ಇವೆ. ಆರಂಭದಲ್ಲಿ ಬೇರೆಬೇರೆ ಶ್ರುತಿಗಳ ಹಲವು ಗಿಟಾರುಗಳು ಒಟ್ಟಿಗೆ ಝೇಂಕರಿಸುತ್ತ ಮಂಜು ಕವಿದಂತಿರುವಾಗ ಕೆಳಗಿನಿಂದ ಜಾಕೋ ಅವರ ಬೇಸ್ ದೊಡ್ಡದೊಂದು ಜಾರಿನೊಂದಿಗೆ ಪ್ರವೇಶಿಸುತ್ತದೆ. ಈ ಹೊಸ ಮಾಸ್ಟರಿನಲ್ಲಿ ಆ ಪ್ರವೇಶ ನನ್ನ ಕುರ್ಚಿಯ ಹಿಡಿಕೆಗೂ ತಲುಪಿತು ಎಂದರೆ ಉತ್ಪ್ರೇಕ್ಷೆಯಾಗದು. 'ಟಾಕ್ ಟು ಮಿ' ಗಾಯಕಿಯ ಗಿಟಾರು ಮತ್ತು ಜಾಕೋ ಅವರ ಬೇಸ್, ಇಬ್ಬರದೇ ಸಲ್ಲಾಪ. ಆಕೆ ಮಾತನಾಡು ಎಂದು ಕಾಡುವುದು ಬೇರಾರನ್ನೋ, ಉತ್ತರ ಬರುತ್ತಿರುವುದು ಬೇಸಿನಿಂದ. ಈ ತಮಾಷೆಯನ್ನು ಇಬ್ಬರೂ ಅರಿತೇ ಆಡಿದ್ದಾರೆ. ಹದಿನಾರು ನಿಮಿಷಗಳ 'ಪ್ಯಾಪ್ರಿಕಾ ಪ್ಲೇನ್ಸ್' ಒಂದು ಇಡೀ ಮಗ್ಗುಲನ್ನು ಆಕ್ರಮಿಸುತ್ತದೆ. ಅದರ ನಡುವಿನ ಪಿಯಾನೋ ಮತ್ತು ವಾದ್ಯವೃಂದದ ಭಾಗ ನನ್ನನ್ನು ಪ್ರತಿ ಸಲವೂ ದಣಿಸುತ್ತದೆ. ಕೊನೆಗೆ ವೇಯ್ನ್ ಶಾರ್ಟರ್ ಅವರ ಸೊಪ್ರಾನೋ ಸ್ಯಾಕ್ಸೋಫೋನು ಮತ್ತು ಜಾಕೋ ಬಂದು ಸೇರಿದಾಗ ಮಳೆ ನಿಂತು ಕಿಟಕಿ ತೆರೆದಂತಾಗುತ್ತದೆ. ಹಳೆಯ ಮುಖಪುಟದಲ್ಲಿ ಮಿಚೆಲ್ ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಪುರುಷನ ವೇಷದಲ್ಲಿ ಕಾಣಿಸಿಕೊಂಡಿದ್ದರು. ಈಗ ಆ ಚಿತ್ರವನ್ನು ಬದಲಿಸಲಾಗಿದೆ, ಬದಲಿಸಿದ್ದು ಸರಿಯಾಗಿಯೇ ಇದೆ.

'ಮಿಂಗಸ್' ಬೇಸ್ ವಾದಕರ ದೃಷ್ಟಿಯಿಂದ ಅತ್ಯಂತ ಕುತೂಹಲದ ಆಲ್ಬಮ್. ಜಾಜ್ ಸಂಗೀತದ ಮಹಾನ್ ಬೇಸ್ ವಾದಕರೂ ರಚನಕಾರರೂ ಆದ ಚಾರ್ಲ್ಸ್ ಮಿಂಗಸ್ ಎ.ಎಲ್.ಎಸ್. ಎಂಬ ನರರೋಗದಿಂದ ಕೈಕಾಲುಗಳ ಬಲ ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದಾಗ, ತಾವು ರಚಿಸಿದ ಮಟ್ಟುಗಳಿಗೆ ಸಾಹಿತ್ಯ ಬರೆಯಲು ಮಿಚೆಲ್ ಅವರನ್ನು ಕರೆದರು. 1979ರ ಜನವರಿ 5ರಂದು, 56ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಲ್ಬಮ್ ಬಂದದ್ದು ಅನಂತರ. ಎಡ್ಡಿ ಗೋಮೆಝ್, ಸ್ಟ್ಯಾನ್ಲಿ ಕ್ಲಾರ್ಕ್ ಮುಂತಾದವರೊಡನೆ ನಡೆದ ಆರಂಭಿಕ ಪ್ರಯೋಗಗಳನ್ನು ಬದಿಗಿಟ್ಟು ಮಿಚೆಲ್ ಕೊನೆಗೆ ಆರಿಸಿಕೊಂಡದ್ದು ಜಾಕೋ, ಶಾರ್ಟರ್, ಹರ್ಬಿ ಹ್ಯಾನ್‌ಕಾಕ್ ಮತ್ತು ಪೀಟರ್ ಎರ್ಸ್‌ಕಿನ್ ಅವರಿದ್ದ ತಂಡವನ್ನು. ಮರದ ದೊಡ್ಡ ಬೇಸಿನ ಗುರುವಿಗೆ ಮೆಟ್ಟಿಲಿಲ್ಲದ ಎಲೆಕ್ಟ್ರಿಕ್ ಬೇಸಿನಿಂದ ಕಾಣಿಕೆ ಸಲ್ಲಿಸುವುದು ಧೈರ್ಯದ ಆಯ್ಕೆ. 'ದಿ ಡ್ರೈ ಕ್ಲೀನರ್ ಫ್ರಮ್ ಡೆ ಮೊಯ್ನ್'ನಲ್ಲಿ ಅದು ಗೆಲ್ಲುತ್ತದೆ. ಜೂಜುಕಟ್ಟೆಯ ಕುಣಿತದಂತಹ ಆ ಹಾಡಿಗೆ ಕೊಂಬುವಾದ್ಯಗಳ ಸಂಯೋಜನೆಯೂ ಜಾಕೋ ಅವರದೇ. ಆದರೆ 'ಗುಡ್‌ಬೈ ಪೋರ್ಕ್ ಪೈ ಹ್ಯಾಟ್'ನಂತಹ ಶೋಕಗೀತೆಯಲ್ಲಿ ಬೇಸ್ ಎಷ್ಟೇ ಸುಂದರವಾಗಿದ್ದರೂ ನನಗೆ ಮರದ ಒಡಲಿನ ಆ ಆಳವಾದ ಬಡಿತವೇ ಬೇಕೆನಿಸಿತು. ನಡುನಡುವೆ ಸೇರಿಸಿರುವ ಮಿಂಗಸ್ ಅವರ ಮಾತುಕತೆಯ ತುಣುಕುಗಳು ಹಾಡುಗಳ ಹರಿವನ್ನು ಕಡಿಯುತ್ತವೆಂದು ದೂರುವವರಿದ್ದಾರೆ. ಆ ಗಡಸು ಕಂಠವಿಲ್ಲದೆ ಈ ಆಲ್ಬಮ್ ಇನ್ನಷ್ಟು ತಣ್ಣಗಾಗುತ್ತಿತ್ತು ಎಂದು ನಾನು ಹೇಳುತ್ತೇನೆ.

'ಶ್ಯಾಡೋಸ್ ಅಂಡ್ ಲೈಟ್' 1979ರ ಸೆಪ್ಟೆಂಬರಿನಲ್ಲಿ ಸ್ಯಾಂಟಾ ಬಾರ್ಬರಾದ ಬಯಲು ರಂಗಮಂದಿರದಲ್ಲಿ ಮುದ್ರಣಗೊಂಡ ಕಛೇರಿ. ಪ್ಯಾಟ್ ಮೆಥೀನಿ, ಲೈಲ್ ಮೇಸ್, ಮೈಕೆಲ್ ಬ್ರೆಕರ್, ಡಾನ್ ಅಲಿಯಾಸ್ ಅವರೊಡನೆ ಜಾಕೋ ಇದ್ದ ಆ ತಂಡವನ್ನು ಮಿಚೆಲ್ ಅವರ ಅತ್ಯಂತ ಬಲಿಷ್ಠ ತಂಡವೆನ್ನಬಹುದು. ಹಿಂದೆ ಇದು ಒಂದೇ ಸಿ.ಡಿ.ಯಲ್ಲಿ ಬಂದಾಗ ಕೆಲವು ಭಾಗಗಳನ್ನು ಕೈಬಿಡಲಾಗಿತ್ತು. ಇಲ್ಲಿ ಎರಡು ಸಿ.ಡಿ.ಗಳಿರುವುದರಿಂದ 'ಬ್ಲ್ಯಾಕ್ ಕ್ರೋ' ಮತ್ತು 'ಫ್ರೀ ಮ್ಯಾನ್ ಇನ್ ಪ್ಯಾರಿಸ್' ತಮ್ಮ ಜಾಗಕ್ಕೆ ಮರಳಿವೆ. ಈ ಕಛೇರಿಯ ದೊಡ್ಡ ಉಪಯೋಗವೆಂದರೆ ಹೋಲಿಕೆ. 'ಹೆಜಿರಾ'ದಲ್ಲಿ ಬೆನೆಟ್ ಅವರು ನುಡಿಸಿದ್ದ 'ಫರಿ ಸಿಂಗ್ಸ್ ದ ಬ್ಲೂಸ್' ಇಲ್ಲಿ ಜಾಕೋ ಕೈಗೆ ಬಂದಿದೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿದೆ. ಬೆನೆಟ್ ಅವರದರಲ್ಲಿ ಮೆಂಫಿಸ್‌ನ ಹಾಳುಬಿದ್ದ ಬೀದಿಯಲ್ಲಿ ಗಾಯಕಿ ಒಬ್ಬರೇ ನಡೆಯುತ್ತಿದ್ದಾರೆ, ನಾವು ದೂರದಿಂದ ನೋಡುತ್ತೇವೆ. ಜಾಕೋ ಅವರದರಲ್ಲಿ ಅವರ ಜೊತೆಗೆ ಇನ್ನೊಬ್ಬನಿದ್ದಾನೆ, ಅವನು ಸುಮ್ಮನಿರುವವನಲ್ಲ. ಕಛೇರಿಯ ಹುರುಪಿಗೆ ಎರಡನೆಯದು ಹೊಂದುತ್ತದೆ, ಹಾಡಿನ ಒಂಟಿತನಕ್ಕೆ ಮೊದಲನೆಯದೇ ಸರಿ. ಜಾಕೋ ತಮ್ಮ ಧ್ವನಿಯನ್ನು ಎಲ್ಲರಿಗಿಂತ ಮುಂದೆ ತರುವ ಚಪಲ ಇಲ್ಲಿ ಅಲ್ಲಲ್ಲಿ ಎದ್ದು ಕಾಣುತ್ತದೆ ಎಂಬುದನ್ನು ಅವರ ಅಭಿಮಾನಿಯಾಗಿಯೂ ಒಪ್ಪಬೇಕಾಗುತ್ತದೆ.

ಕೊಳ್ಳಬೇಕೆನ್ನುವವರಿಗೆ ಕೆಲವು ಮಾತು. ನಾಲ್ಕು ತಂತಿಯ ಬೇಸಿನ ಅತಿ ಕೆಳಗಿನ ಸ್ವರದ ಕಂಪನ ಸೆಕೆಂಡಿಗೆ ಸುಮಾರು 41. ಫೋನಿನ ಪುಟ್ಟ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿಯಿಲ್ಲ, ಅದರಲ್ಲಿ ಕೇಳಿದರೆ ನಮಗೆ ಸಿಗುವುದು ಮೇಲಿನ ಉಪಸ್ವರಗಳು ಮಾತ್ರ. ಆದ್ದರಿಂದ ಒಳ್ಳೆಯ ಹೆಡ್‌ಫೋನ್ ಅಥವಾ ದೊಡ್ಡ ಸ್ಪೀಕರ್ ಇಲ್ಲದವರು ಈ ಸೆಟ್ಟಿಗೆ ಹಣ ಹಾಕುವ ಮೊದಲು ಅದನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು. ಹೊಸ ಮಾಸ್ಟರು ಬೇಸನ್ನು ಉಬ್ಬಿಸಿಲ್ಲ, ಅಂಚುಗಳನ್ನು ಸ್ಪಷ್ಟಗೊಳಿಸಿದೆ. 'ರೆಫ್ಯೂಜ್ ಆಫ್ ದ ರೋಡ್ಸ್'ನಲ್ಲಿ ಬೆರಳು ತಂತಿಯನ್ನು ಬಿಡುವ ಸದ್ದು ಕೂಡ ಕೇಳುತ್ತದೆ. ಬಿಡಿಯಾಗಿ ಒಂದನ್ನೇ ಕೊಳ್ಳುವುದಾದರೆ 'ಹೆಜಿರಾ' ಸಾಕು. ಹಳೆಯ ಎಲ್.ಪಿ.ಗಳು ಸುಸ್ಥಿತಿಯಲ್ಲಿರುವವರು 'ಮಿಂಗಸ್'ಗಾಗಿ ಇಡೀ ಸೆಟ್ಟನ್ನು ಕೊಳ್ಳಬೇಕಾಗಿಲ್ಲ.

ನನ್ನ ಒಂದೇ ಅತೃಪ್ತಿ ಸೆಟ್ಟು ನಿಲ್ಲುವ ಜಾಗದ ಬಗ್ಗೆ. ಅಸೈಲಮ್ ಕಾಲ 1980ಕ್ಕೆ ಮುಗಿಯುವುದರಿಂದ 1982ರ 'ವೈಲ್ಡ್ ಥಿಂಗ್ಸ್ ರನ್ ಫಾಸ್ಟ್' ಇದರೊಳಗೆ ಬರುವುದು ಸಾಧ್ಯವಿರಲಿಲ್ಲ, ನಿಜ. ಆದರೆ ಬೇಸಿನ ಕಥೆ ಅಲ್ಲಿ ಹೊಸ ತಿರುವು ಪಡೆಯುತ್ತದೆ. ಆ ಆಲ್ಬಮ್ಮಿಗೆ ಬೇಸ್ ನುಡಿಸಿದ ಲ್ಯಾರಿ ಕ್ಲೈನ್ ಅವರನ್ನು ಮಿಚೆಲ್ ಅದೇ ವರ್ಷ ಮದುವೆಯಾದರು. ಹನ್ನೆರಡು ವರ್ಷಗಳ ಅನಂತರ, ಆ ದಾಂಪತ್ಯ ಮುರಿಯುತ್ತಿದ್ದ ಹೊತ್ತಿನಲ್ಲೂ, ಗ್ರ್ಯಾಮಿ ಪಡೆದ 'ಟರ್ಬ್ಯುಲೆಂಟ್ ಇಂಡಿಗೊ' ಆಲ್ಬಮ್ಮನ್ನು ಇಬ್ಬರೂ ಒಟ್ಟಿಗೆ ನಿರ್ಮಿಸಿದರು. 'ವೈಲ್ಡ್ ಥಿಂಗ್ಸ್ ರನ್ ಫಾಸ್ಟ್'ನ 'ಚೈನೀಸ್ ಕೆಫೆ' ಹಾಡಿನಲ್ಲಿ ಕ್ಲೈನ್ ಬೇಸ್ ಜಾಕೋ ಅವರಂತೆಯೇ ಹಾಡುತ್ತದೆ, ಆದರೆ ಗಾಯಕಿಯ ದನಿಗಿಂತ ಅರ್ಧ ಹೆಜ್ಜೆ ಹಿಂದೆ ನಿಂತು. 'ಶ್ಯಾಡೋಸ್ ಅಂಡ್ ಲೈಟ್'ನ ಕೊನೆಯ ಹಾಡು ಮುಗಿದ ಕೂಡಲೇ ನಾನು ಕಪಾಟಿನಿಂದ ಆ ಹಳೆಯ ಸಿ.ಡಿ.ಯನ್ನು ತೆಗೆದು ಹಾಕಿದೆ.