‘ನೋಡೋಣ್ರಿ’ ಎಂದರೆ ಒಪ್ಪಿಗೆಯೇ? ಬಳ್ಳಾರಿಯಲ್ಲಿ ನಡೆದ ತರಬೇತಿಯೊಂದರ ವಿಮರ್ಶೆ

ತೋರಣಗಲ್ಲಿನ ಸುತ್ತಮುತ್ತ ಉಕ್ಕಿನ ಕೆಲಸ ಮಾಡುವವರಿಗೆ ಹೊರದೇಶದವರೊಡನೆ ವ್ಯವಹರಿಸುವುದು ಹೊಸದಲ್ಲ. ಅಲ್ಲಿ ಅದಿರಿನಿಂದ ಕಬ್ಬಿಣ ತೆಗೆಯುವ ಕೋರೆಕ್ಸ್ ಕುಲುಮೆಯ ತಂತ್ರಜ್ಞಾನವೇ ಆಸ್ಟ್ರಿಯಾದ್ದು. ಯಂತ್ರ ಕೂರಿಸುವ ಸಣ್ಣ ಗುತ್ತಿಗೆ ಸಂಸ್ಥೆಯೊಂದರಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವ ನಾನು, ವಿದೇಶಿ ತಂಡಗಳೊಡನೆ ಸಂವಹನ ನಡೆಸುವುದನ್ನು ಕಲಿಸುವ ಎರಡು ದಿನದ ತರಬೇತಿಗೆ ಕಳೆದ ತಿಂಗಳು ಬಳ್ಳಾರಿಯ ಹೋಟೆಲೊಂದರ ಸಭಾಂಗಣಕ್ಕೆ ಹೋಗಿದ್ದೆ. ಊಟವೂ ಸೇರಿ ತಲಾ 6,500 ರೂಪಾಯಿ ಶುಲ್ಕ. ಹೋಗಲು ಕಾರಣವೂ ಇತ್ತು. ಅಡಿಪಾಯ ಗುರುವಾರದೊಳಗೆ ಸಿದ್ಧವಾಗುವುದೇ ಎಂದು ಜಪಾನಿನ ಮೇಲ್ವಿಚಾರಕರು ಕೇಳಿದಾಗ ನಮ್ಮ ಫೋರ್‌ಮನ್ ‘ನೋಡೋಣ್ರಿ, ಆಗ್ತದ’ ಎಂದದ್ದನ್ನು ನಾನೇ ‘ಯೆಸ್’ ಎಂದು ಅನುವಾದಿಸಿ, ಕ್ರೇನ್ ತರಿಸಿ, ಎರಡು ದಿನ ಅದನ್ನು ಸುಮ್ಮನೆ ನಿಲ್ಲಿಸಿಕೊಂಡಿದ್ದೆ.

ತರಬೇತಿಯ ಅತ್ಯುತ್ತಮ ಭಾಗ ಮೊದಲ ದಿನ ಮಧ್ಯಾಹ್ನ ಬಂದಿತು. ‘ಇಲ್ಲ’ ಎಂಬ ಪದ ಬಳಸದೆ ನಾವು ‘ಇಲ್ಲ’ ಎನ್ನುವ ಬಗೆಗಳನ್ನೆಲ್ಲ ಬರೆಯುವಂತೆ ತರಬೇತುದಾರರು ಹೇಳಿದರು. ‘ಸಾಹೇಬ್ರನ್ನ ಒಂದು ಮಾತು ಕೇಳ್ತೀನ್ರಿ’, ‘ಸ್ವಲ್ಪ ತ್ರಾಸೈತ್ರಿ’, ‘ಪ್ರಯತ್ನ ಮಾಡಾಣ್ರಿ’, ‘ನಾಳೆ ಹೇಳ್ತೀನ್ರಿ’ ಎಂದು ಬೋರ್ಡು ತುಂಬುತ್ತಾ ಹೋಗಿ, ಕೊನೆಗೆ ಎಣಿಸಿದಾಗ ಹತ್ತೊಂಬತ್ತು ಬಗೆಗಳಿದ್ದವು. ಇವುಗಳಲ್ಲಿ ಜರ್ಮನಿಯವರು ಯಾವುದನ್ನು ಒಪ್ಪಿಗೆಯೆಂದು ಬರೆದುಕೊಳ್ಳಬಹುದೆಂದು ಅವರು ಒಂದೊಂದಾಗಿ ಗುರುತು ಹಾಕಿದಾಗ, ಮಾತಿನ ಅರ್ಥ ಪದಗಳಿಗಿಂತ ಸಂದರ್ಭದಲ್ಲಿಯೇ ಹೆಚ್ಚಾಗಿ ಅಡಗಿರುವ ಸಂಸ್ಕೃತಿಗಳ ಬಗ್ಗೆ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಹೇಳಿದ ವಿಚಾರ ಯಾವ ಸ್ಲೈಡಿನ ನೆರವೂ ಇಲ್ಲದೆ ಅರ್ಥವಾಯಿತು. ಜಪಾನಿನವರ ‘ಹಾಯ್’ (ಹೌದು) ಕೂಡ ಅನೇಕ ವೇಳೆ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂಬಷ್ಟೇ ಅರ್ಥದ್ದು, ನಮ್ಮ ‘ಹೂಂ’ ಇದ್ದ ಹಾಗೆ. ಅಂದರೆ ನಾನು ಎರಡೂ ಕಡೆಯ ‘ಹೂಂ’ಗಳನ್ನು ನಂಬಿ ಮಧ್ಯದಲ್ಲಿ ನಿಂತಿದ್ದೆ. ಇದಕ್ಕೆ ತರಬೇತುದಾರರು ಸೂಚಿಸಿದ ಉಪಾಯ ಸರಳವಾದದ್ದು: ‘ಅರ್ಥವಾಯಿತೇ?’ ಎಂದು ಕೇಳುವುದರ ಬದಲು ‘ನಾಳೆ ಬೆಳಿಗ್ಗೆ ಮೊದಲು ಯಾವ ಕೆಲಸ ಹಿಡಿಯುತ್ತೀರಿ, ಅದಕ್ಕೆ ಏನೇನು ಬೇಕು?’ ಎಂದು ಕೇಳಬೇಕು. ಈ ಒಂದು ಪ್ರಶ್ನೆಯಿಂದಲೇ ನನ್ನ ಶುಲ್ಕದ ಅರ್ಧ ಭಾಗ ಮರಳಿ ಬಂದಿದೆ.

ಅಂಕಿ, ದಿನಾಂಕ ಮತ್ತು ಗಡಿಯಾರಗಳಿಗೆ ಮಾತ್ರ ಹತ್ತು ನಿಮಿಷವಷ್ಟೇ ಸಿಕ್ಕಿದ್ದು ನನಗೆ ಸರಿ ಕಾಣಲಿಲ್ಲ. ಜರ್ಮನಿಯ ಡ್ರಾಯಿಂಗಿನಲ್ಲಿ 1.500 ಎಂದಿದ್ದರೆ ಅದು ಒಂದೂವರೆಯಲ್ಲ, ಒಂದು ಸಾವಿರದ ಐನೂರು. 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಮಾರ್ಚ್ ಕೊನೆಯ ಭಾನುವಾರ ಯುರೋಪು ಗಡಿಯಾರವನ್ನು ಮುಂದಿಟ್ಟಾಗ ಜರ್ಮನಿಗೂ ನಮಗೂ ಇರುವ ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿಯುತ್ತದೆ. ಕೆಲಸದ ಜಾಗದಲ್ಲಿ ಜಗಳ ಹುಟ್ಟುವುದು ಬಹುಪಾಲು ಇಂಥವುಗಳಿಂದಲೇ.

ಎರಡನೆಯ ದಿನದ ಬೆಳಗನ್ನೆಲ್ಲ, ದೇಶದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆದ ನೆದರ್ಲೆಂಡ್ಸಿನ ಸಮಾಜ ಮನಶ್ಶಾಸ್ತ್ರಜ್ಞ ಗೀರ್ಟ್ ಹಾಫ್‌ಸ್ಟೆಡ್ ಅವರ ಕೋಷ್ಟಕ ನುಂಗಿತು. ಮೇಲಧಿಕಾರಿಗೂ ಕೈಕೆಳಗಿನವರಿಗೂ ನಡುವಿನ ಅಂತರವನ್ನು ಜನ ಎಷ್ಟರ ಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದನ್ನು ಅಳೆಯುವ ಆ ಸೂಚ್ಯಂಕದಲ್ಲಿ ಭಾರತಕ್ಕೆ 77, ಜರ್ಮನಿಗೆ 35, ಆಸ್ಟ್ರಿಯಾಕ್ಕೆ 11. ಎಂಜಿನಿಯರ್ ಎದುರಿಗಿದ್ದಾಗ ನಮ್ಮ ಫಿಟ್ಟರ್‌ಗಳು ಏಕೆ ಬಾಯಿ ಬಿಡುವುದಿಲ್ಲ, ಅದನ್ನು ಕಂಡು ಆಸ್ಟ್ರಿಯಾದವರು ಏಕೆ ತಬ್ಬಿಬ್ಬಾಗುತ್ತಾರೆ ಎಂಬುದಕ್ಕೆ ಇದೊಂದು ಒಳ್ಳೆಯ ಪೀಠಿಕೆ, ನಿಜ. ಆದರೆ ಈ ಅಂಕಿಗಳ ಮೂಲ 1967ರಿಂದ 1973ರ ನಡುವೆ ಐಬಿಎಂ ಎಂಬ ಒಂದೇ ಕಂಪನಿಯ ನೌಕರರಿಂದ ತುಂಬಿಸಿಕೊಂಡ ಪ್ರಶ್ನಾವಳಿಗಳು ಎಂಬುದನ್ನು ಹೇಳದೆ, ಪಂಚಾಂಗ ಹಿಡಿದು ರಾಶಿಫಲ ಓದಿದಂತೆ ದೇಶದೇಶದ ಸ್ವಭಾವವನ್ನು ಓದಿಬಿಟ್ಟರು. ನಮ್ಮ ಒಂದೇ ಗ್ಯಾಂಗಿನಲ್ಲಿ ತೆಲುಗು ಮಾತಾಡುವ ಫಿಟ್ಟರ್, ರಾಯಚೂರಿನ ಉರ್ದು ಮಾತಿನ ವೆಲ್ಡರ್, ಜಾರ್ಖಂಡಿನ ರಿಗ್ಗರ್, ಸಂಡೂರಿನ ಫೋರ್‌ಮನ್ ಇದ್ದಾರೆ. ಅವರಲ್ಲಿ 77 ಯಾರು?

ನನ್ನ ದೊಡ್ಡ ತಕರಾರು ಇಲ್ಲಿಯೇ ಇದೆ. ಸಭಾಂಗಣದಲ್ಲಿದ್ದವರೆಲ್ಲ ಎಂಜಿನಿಯರ್‌ಗಳು, ಮ್ಯಾನೇಜರ್‌ಗಳು. ಬೋರ್ಡಿನ ಆ ಒಂದು ಚಟುವಟಿಕೆಯನ್ನು ಬಿಟ್ಟರೆ ಉಳಿದುದೆಲ್ಲ ಇಂಗ್ಲಿಷಿನಲ್ಲಿ. ವಿದೇಶಿ ತಜ್ಞರ ಪಕ್ಕದಲ್ಲಿ ಹನ್ನೆರಡು ಗಂಟೆ ನಿಲ್ಲುವ ಫೋರ್‌ಮನ್‌ಗೆ ಇಲ್ಲಿ ಜಾಗವಿರಲಿಲ್ಲ. ಮಾತು ಕೆಡುವುದು ಜಪಾನಿಗೂ ನನಗೂ ನಡುವೆ ಎಂದು ತರಬೇತಿ ಭಾವಿಸುತ್ತದೆ. ನನ್ನ ಅನುಭವದಲ್ಲಿ ಅದು ನನಗೂ ನಮ್ಮ ಫೋರ್‌ಮನ್‌ಗೂ ನಡುವೆಯೇ ಕೆಟ್ಟಿತ್ತು. ಇದನ್ನು ಕೇಳಿದಾಗ ‘ಅದು ಬೇರೆ ಮಾಡ್ಯೂಲ್’ ಎಂಬ ಉತ್ತರ ಬಂದಿತು. (ಊಟ ಸಾಧಾರಣ, ಸಂಜೆಯ ಒಗ್ಗರಣೆ-ಮಿರ್ಚಿಗೆ ಮಾತ್ರ ದೋಷ ಹೇಳಲಾರೆ.)

ಇಷ್ಟಾದರೂ, ಮೊದಲ ಬಾರಿಗೆ ಹೊರದೇಶದ ತಂಡದೊಡನೆ ಕೆಲಸಕ್ಕೆ ಇಳಿಯುವ ಎಂಜಿನಿಯರ್‌ಗಳಿಗೆ ಮೊದಲ ದಿನವೊಂದಕ್ಕೆ ಹಣ ಕಟ್ಟಲು ಅವಕಾಶವಿದ್ದರೆ ಖಂಡಿತ ಹೋಗಿ ಎನ್ನುತ್ತೇನೆ. ಎರಡೂ ದಿನಕ್ಕೆ 6,500 ರೂಪಾಯಿ ಹೆಚ್ಚಾಯಿತು. ಆ ಹತ್ತೊಂಬತ್ತು ಮಾತುಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಸೈಟ್ ಆಫೀಸಿನ ಗೋಡೆಗೆ ಅಂಟಿಸಿದ್ದೇನೆ. ಮರುದಿನ ನಮ್ಮ ಫೋರ್‌ಮನ್ ಅದನ್ನು ನಿಂತು ಓದಿ, ಕೆಳಗೆ ಪೆನ್ಸಿಲಿನಲ್ಲಿ ಇಪ್ಪತ್ತನೆಯದನ್ನು ಸೇರಿಸಿದರು: ‘ಊಟ ಆದ್ಮ್ಯಾಲೆ ಬರ್ರಿ ಸರ್.’