ಆಲ್ಫಾ-ಎಸ್‌ಎಂಎ ಆಂಟಿಬಾಡಿ, ಕ್ಲೋನ್ 1ಎ4: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಕಿಡ್ನಿ ಫೈಬ್ರೋಸಿಸ್ (ಅಂಗಾಂಶ ಗಾಯದ ಕಲೆಯಂತೆ ಗಟ್ಟಿಯಾಗುವುದು) ಬಗ್ಗೆ ಕೆಲಸ ಮಾಡುವ ಲ್ಯಾಬ್‌ನ ಫ್ರಿಜ್‌ನಲ್ಲಿ ಈ ಆಂಟಿಬಾಡಿ ಇದ್ದೇ ಇರುತ್ತದೆ. ಆಲ್ಫಾ-ಎಸ್‌ಎಂಎ, ಅಂದರೆ ಆಲ್ಫಾ ಸ್ಮೂತ್ ಮಸಲ್ ಆಕ್ಟಿನ್ ಅನ್ನುವ ಪ್ರೋಟೀನ್‌ಗೆ ಅಂಟಿ, ಅದು ಎಲ್ಲಿದೆ ಅಂತ ತೋರಿಸುವುದು ಇದರ ಕೆಲಸ. 1ಎ4 ಕ್ಲೋನ್‌ನ (ಈ ಆಂಟಿಬಾಡಿ ತಯಾರಿಸುವ, ಒಂದೇ ಮೂಲದ ಕೋಶಗಳ) ಹೆಸರು, ಕಂಪನಿಯದ್ದಲ್ಲ. ಇದೇ ಕ್ಲೋನನ್ನು ಹಲವರು ಮಾರುತ್ತಾರೆ. ನಾನು ಬೇರೆ ಬೇರೆ ಕಡೆಯದನ್ನು ಬಳಸಿದ್ದೇನೆ, ಹೆಚ್ಚಾಗಿ ಮೂತ್ರನಾಳ ಕಟ್ಟಿದ ಮೌಸ್ ಕಿಡ್ನಿಗಳ ಮೇಲೆ. ಕೊಳ್ಳಬಹುದು, ಧೈರ್ಯವಾಗಿ ಕೊಳ್ಳಿ. ಆದರೆ ಇದೊಂದನ್ನೇ ನಂಬಿ ‘ಫೈಬ್ರೋಸಿಸ್ ಇಷ್ಟಿದೆ’ ಅಂತ ಬರೆಯಬೇಡಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಆಕ್ಟಿನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಮುಖ್ಯ ವ್ಯತ್ಯಾಸ ಇರುವುದು ಎನ್-ತುದಿಯಲ್ಲಿ, ಅಂದರೆ ಪ್ರೋಟೀನ್ ಸರಪಳಿ ಶುರುವಾಗುವ ತುದಿಯಲ್ಲಿ. 1986ರಲ್ಲಿ ಜಿನೀವಾದ ಜೂಲಿಯೋ ಗಬ್ಬಿಯಾನಿ ಅವರ ತಂಡ ಆ ತುದಿಯ 10 ಅಮಿನೊ ಆಮ್ಲಗಳ ತುಣುಕನ್ನೇ ಬಳಸಿ ಈ ಆಂಟಿಬಾಡಿ ಮಾಡಿತು. ಅದಕ್ಕೇ ಇದು ಬೀಟಾ ಆಕ್ಟಿನ್‌ಗೆ ಅಂಟುವುದಿಲ್ಲ. ಪ್ಯಾರಫಿನ್ ಸೆಕ್ಷನ್‌ನಲ್ಲಿ ನಡೆಯುತ್ತದೆ, ಫ್ರೋಜನ್‌ನಲ್ಲಿ ನಡೆಯುತ್ತದೆ, ಬ್ಲಾಟ್‌ನಲ್ಲೂ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ನೋಡುವ ವಿಧಾನ) ನಡೆಯುತ್ತದೆ. ಬ್ಯಾಚ್ ಬದಲಾದರೂ ಫಲಿತಾಂಶ ಅಷ್ಟಾಗಿ ಬದಲಾಗುವುದಿಲ್ಲ. ಒಮ್ಮೆ ಬೇರೊಂದು ಕಂಪನಿಯ ಪಾಲಿಕ್ಲೋನಲ್ (ಹಲವು ಕ್ಲೋನ್‌ಗಳ ಬೆರಕೆ ಆಂಟಿಬಾಡಿ) ತರಿಸಿದ್ದೆವು. ಮೊದಲ ಬ್ಯಾಚ್ ಚೆನ್ನಾಗಿತ್ತು, ಮುಂದಿನದು ಆರೋಗ್ಯವಂತ ಟ್ಯೂಬ್ಯೂಲ್‌ಗಳನ್ನೂ (ಕಿಡ್ನಿಯ ಸಣ್ಣ ನಳಿಕೆಗಳು) ಬಣ್ಣಕ್ಕೆ ತಿರುಗಿಸಿತು. ದೂರು ಕೊಟ್ಟರೆ ‘ನಿಮ್ಮ ಪ್ರೋಟೋಕಾಲ್ ನೋಡಿಕೊಳ್ಳಿ’ ಅಂದರು. ಅಲ್ಲಿಗೆ ಆ ಸಹವಾಸ ಬಿಟ್ಟೆವು.

ಇದರ ದೊಡ್ಡ ತಲೆನೋವು ಅಂದರೆ ಇದು ಮೌಸ್‌ನಲ್ಲೇ ತಯಾರಾದ ಆಂಟಿಬಾಡಿ. ಮೌಸ್ ಅಂಗಾಂಶದ ಮೇಲೆ ಹಾಕಿದರೆ, ಸೆಕೆಂಡರಿ ಆಂಟಿಬಾಡಿ (ಮೊದಲು ಹಾಕಿದ ಪ್ರೈಮರಿಗೆ ಅಂಟಿ ಸಿಗ್ನಲ್ ಕೊಡುವುದು) ಪ್ರಾಣಿಯದೇ ಐಜಿಜಿಯನ್ನೂ, ಅಂದರೆ ಅದರ ರಕ್ತದ ಆಂಟಿಬಾಡಿಯನ್ನೂ, ಹಿಡಿಯುತ್ತದೆ. ಗಾಯಗೊಂಡ ಕಿಡ್ನಿಯಲ್ಲಿ ಸಣ್ಣ ರಕ್ತನಾಳಗಳು ಸೋರಿ, ಆ ಐಜಿಜಿ ಟ್ಯೂಬ್ಯೂಲ್‌ಗಳ ನಡುವಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಾವು ಫೈಬ್ರೋಸಿಸ್ ಹುಡುಕುವ ಜಾಗದಲ್ಲೇ ಸುಳ್ಳು ಸಿಗ್ನಲ್! ಪ್ರೈಮರಿ ಹಾಕದ ಒಂದು ಸ್ಲೈಡ್ ಪ್ರತಿ ಸಲ ಇಟ್ಟುಕೊಳ್ಳಲೇಬೇಕು. ಸೆಕೆಂಡರಿಯ ಗೊಡವೆಯೇ ಬೇಡ ಅನ್ನುವವರಿಗೆ ಸಿವೈ3 ಅನ್ನುವ ಹೊಳೆಯುವ ಬಣ್ಣವನ್ನು ನೇರವಾಗಿ ಜೋಡಿಸಿದ 1ಎ4 ಸಿಗುತ್ತದೆ. ನಾನು ಈಗ ಬಳಸುವುದು ಅದನ್ನೇ.

ಬ್ಲಾಟ್‌ನಲ್ಲಿ ಬೇರೆ ಕಥೆ. ಬ್ಯಾಂಡ್ 42 ಕಿಲೋಡಾಲ್ಟನ್ ಹತ್ತಿರ ಬರುತ್ತದೆ. ಬೀಟಾ ಆಕ್ಟಿನ್ ಕೂಡ ಅಲ್ಲೇ. ಹಾಗಾಗಿ ಅದನ್ನು ಲೋಡಿಂಗ್ ಕಂಟ್ರೋಲ್ (ಎಲ್ಲ ಸ್ಯಾಂಪಲ್‌ಗಳನ್ನೂ ಸಮನಾಗಿ ಹಾಕಿದ್ದೇವೆಯೇ ಅಂತ ತೋರಿಸುವ ಪ್ರೋಟೀನ್) ಮಾಡಿಕೊಂಡರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಟ್ಯೂಬ್ಯುಲಿನ್ ವಾಸಿ. ಇನ್ನೊಂದು ವಿಷಯ: ಧಮನಿಗಳ ಗೋಡೆಯಲ್ಲಿ ಈ ಪ್ರೋಟೀನ್ ಯಾವಾಗಲೂ ಇರುತ್ತದೆ. ಸ್ಲೈಡ್‌ನಲ್ಲಿ ಇದು ವರ, ಪಾಸಿಟಿವ್ ಕಂಟ್ರೋಲ್ ಪುಕ್ಕಟೆ ಸಿಕ್ಕಂತೆ. ಬ್ಲಾಟ್‌ನಲ್ಲಿ ಮಾತ್ರ ಶಾಪ. ಕಿಡ್ನಿಯ ನಡುಭಾಗದಿಂದ ದೊಡ್ಡ ಧಮನಿಯ ಚೂರು ಸೇರಿಕೊಂಡರೆ ಸಾಕು, ಆರೋಗ್ಯವಂತ ಕಿಡ್ನಿಯೂ ರೋಗಿಯ ಥರ ಕಾಣುತ್ತದೆ. ಕಾರ್ಟೆಕ್ಸ್ (ಕಿಡ್ನಿಯ ಹೊರಪದರ) ಮಾತ್ರ ಕತ್ತರಿಸಿಕೊಳ್ಳಿ.

ಕಲ್ಚರ್ ಮಾಡುವವರಿಗೂ ಒಂದು ಮಾತು. ಟಿಜಿಎಫ್-ಬೀಟಾ (ಫೈಬ್ರೋಸಿಸ್ ಪ್ರಚೋದಿಸುವ ಪ್ರೋಟೀನ್) ಹಾಕದ ಪ್ಲೇಟ್ ಗುಳಿಯಲ್ಲೂ ಬ್ಯಾಂಡ್ ಬಂತು ಅಂತ ಆಂಟಿಬಾಡಿಯನ್ನು ಬೈಯುವವರಿದ್ದಾರೆ. ಗಟ್ಟಿ ಪ್ಲಾಸ್ಟಿಕ್ ಮೇಲೆ ಬೆಳೆದ ಫೈಬ್ರೋಬ್ಲಾಸ್ಟ್ (ಕೊಲಾಜೆನ್‌ನಂಥ ನಾರು ಮಾಡುವ ಕೋಶ) ತಾನಾಗಿಯೇ ಆಲ್ಫಾ-ಎಸ್‌ಎಂಎ ಮಾಡಿಕೊಳ್ಳುತ್ತದೆ. ಆಂಟಿಬಾಡಿ ಇದ್ದದ್ದನ್ನೇ ತೋರಿಸುತ್ತಿದೆ, ಅಷ್ಟೇ.

ಇನ್ನು ಒಂದೇ ಮಾರ್ಕರ್ ಸಾಕಾಗುವುದಿಲ್ಲ ಅಂದೆನಲ್ಲ, ಅದು ಯಾಕೆ? ಆಲ್ಫಾ-ಎಸ್‌ಎಂಎ ಹೇಳುವುದು ಮಯೋಫೈಬ್ರೋಬ್ಲಾಸ್ಟ್‌ಗಳ ವಿಷಯ, ಅಂದರೆ ಕೂಲಿಯವರು ಎಷ್ಟು ಜನ ಬಂದಿದ್ದಾರೆ ಅಂತ. ಗೋಡೆ ಎಷ್ಟು ಎದ್ದಿದೆ ಅಂತ ಅಲ್ಲ. ಆ ಗೋಡೆ ಕೊಲಾಜೆನ್ 1, ಕೊಲಾಜೆನ್ 3, ಫೈಬ್ರೋನೆಕ್ಟಿನ್‌ಗಳದ್ದು. ಕೊಲಾಜೆನ್ ಮಾಡುವ ಕೋಶಗಳೆಲ್ಲ ಆಲ್ಫಾ-ಎಸ್‌ಎಂಎ ತೋರಿಸುವುದೂ ಇಲ್ಲ. ಹಾಗಾಗಿ ಪಕ್ಕದ ಸೆಕ್ಷನ್‌ಗೆ ಕೊಲಾಜೆನ್ ತೋರಿಸುವ ಬಣ್ಣ ಪಿಕ್ರೋಸಿರಿಯಸ್ ರೆಡ್ ಹಾಕಿ, ಜೊತೆಗೆ ಫೈಬ್ರೋಬ್ಲಾಸ್ಟ್‌ನಂಥ ಕೋಶಗಳ ಇನ್ನೊಂದು ಮಾರ್ಕರ್ ಪಿಡಿಜಿಎಫ್ಆರ್-ಬೀಟಾ ನೋಡಿ. ಎಫ್‌ಎಸ್‌ಪಿ1 ಮಾತ್ರ ಬೇಡ. ಒಂದು ಕಾಲದಲ್ಲಿ ಅದನ್ನು ಫೈಬ್ರೋಬ್ಲಾಸ್ಟ್‌ನ ಗುರುತು ಅನ್ನುತ್ತಿದ್ದರು, ಆಮೇಲೆ ನೋಡಿದರೆ ಉರಿಯೂತದ ಕೋಶಗಳಾದ ಮ್ಯಾಕ್ರೋಫೇಜ್‌ಗಳಲ್ಲೂ ಇದೆ. ಉರಿಯೂತ ತುಂಬಿದ ಕಿಡ್ನಿಯಲ್ಲಿ ಅದನ್ನು ಎಣಿಸಿ ಏನು ಮಾಡೋಣ?

ಮನುಷ್ಯರ ಬಯಾಪ್ಸಿ ನೋಡುವವರಿಗೆ ಸಾದಾ 1ಎ4 ಸಾಕು, ಐಜಿಜಿ ರಗಳೆ ಅಲ್ಲಿ ಇಲ್ಲ. ಆದರೆ ಗ್ಲೊಮೆರುಲಸ್ (ರಕ್ತ ಸೋಸುವ ಗಂಟು) ರೋಗ ಇದ್ದರೆ ಅದರೊಳಗಿನ ಮೆಸಾಂಜಿಯಲ್ ಕೋಶಗಳೂ ಹೊಳೆಯುತ್ತವೆ, ಅವನ್ನು ಬೇರೆಯಾಗಿ ಎಣಿಸಿ. ಮೌಸ್ ಮೇಲೆ ಬ್ಲಾಟ್, ಸ್ಲೈಡ್ ಎರಡೂ ಮಾಡುವುದಿದ್ದರೆ ಮೊಲದ ರೀಕಾಂಬಿನಂಟ್ (ಜೀನ್‌ನಿಂದ ಲ್ಯಾಬ್‌ನಲ್ಲಿ ತಯಾರಿಸಿದ) ಆಂಟಿಬಾಡಿಯನ್ನೂ ಒಮ್ಮೆ ವಿಚಾರಿಸಿ. ತರಿಸುವ ಮೊದಲು ಸಣ್ಣ ಸ್ಯಾಂಪಲ್ ಕೇಳಿ, ಕೆಲವರು ಕೊಡುತ್ತಾರೆ.