ಮನೆ ಮಾರುವವರೇ, ಅಗ್ರಿಮೆಂಟಿನಲ್ಲಿ ತಾರೀಖು ಇದೆಯೇ ನೋಡಿಕೊಳ್ಳಿ

ಕಾರವಾರದ ಕೋಡಿಬಾಗದಲ್ಲಿದ್ದ ಅಮ್ಮನ ಮನೆ ಕೊನೆಗೂ ಮಾರಾಟವಾಯಿತು, ಅಮ್ಮ ಈಗ ಶಿರಸಿಯಲ್ಲಿ ನಮ್ಮ ಜೊತೆ ಇದ್ದಾಳೆ. ಆದರೆ ಅದಕ್ಕೂ ಮುಂಚೆ ಇಡೀ ಮಳೆಗಾಲ ಆ ಮನೆ ಅತ್ತ ಮಾರಲೂ ಆಗದೆ, ಇತ್ತ ಬಾಡಿಗೆಗೆ ಕೊಡಲೂ ಆಗದೆ ಬೀಗ ಹಾಕಿಕೊಂಡು ಕೂತಿತ್ತು. ಕರಾವಳಿಯ ಹೆಂಚಿನ ಮನೆಗೆ ಬೀಗ ಹಾಕಿಟ್ಟರೆ ಏನಾಗುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಪಕಾಸಿಗೆ ಗೆದ್ದಲು ಹತ್ತಿತು, ಅಡುಗೆಮನೆ ಗೋಡೆ ಹಸಿರುಗಟ್ಟಿತು. ಆಮೇಲೆ ನೋಡಲು ಬಂದವರೆಲ್ಲ ಅದನ್ನೇ ತೋರಿಸಿ ರೇಟು ಇಳಿಸಿದರು.

ಆದದ್ದಿಷ್ಟು. ಮಧ್ಯವರ್ತಿಯೊಬ್ಬರು ಗಿರಾಕಿ ಕರೆತಂದರು. ಮಾತು ನಯ, ಚೌಕಾಸಿ ಇಲ್ಲ, ಕೇಳಿದ ರೇಟಿಗೇ ಒಪ್ಪಿಗೆ. ಸಣ್ಣ ಮುಂಗಡ ಬ್ಯಾಂಕಿಗೆ ಹಾಕಿ, ಅಗ್ರಿಮೆಂಟನ್ನು ಅವರೇ ಬರೆಸಿ ತಂದು, ಅಮ್ಮನ ಸಹಿ ಪಡೆದು ನೋಂದಣಿಯನ್ನೂ ಮಾಡಿಸಿಕೊಂಡರು. ಅದರ ಮೂರನೇ ಪುಟದಲ್ಲಿ ಒಂದು ಸಾಲಿತ್ತು: ‘ಸಕಲ ದಾಖಲೆಗಳನ್ನು ಖರೀದಿದಾರರಿಗೆ ತೃಪ್ತಿಯಾಗುವಂತೆ ಒದಗಿಸಿದ ದಿನದಿಂದ ಆರು ತಿಂಗಳೊಳಗೆ ಖರೀದಿಪತ್ರ ಮಾಡಿಕೊಳ್ಳತಕ್ಕದ್ದು.’ ಅದರ ಕೆಳಗೆ, ‘ಖರೀದಿದಾರರ ಅಥವಾ ಅವರು ಸೂಚಿಸಿದವರ ಹೆಸರಿಗೆ’.

ತೃಪ್ತಿ ಯಾವತ್ತು ಆಗಬೇಕು? ಅವರಿಗೆ ಬೇಕಾದಾಗ. ಮೊದಲು ಮೂವತ್ತು ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲ, ಕರಾರುಗಳನ್ನು ತೋರಿಸುವ ಋಣಭಾರ ಪತ್ರ) ಕೇಳಿದರು, ಕೊಟ್ಟೆವು. ನಗರಸಭೆಯ ಇ-ಖಾತಾ ಕೇಳಿದರು. ಆಮೇಲೆ ಸರ್ವೆ ನಕಾಶೆ. ಅದೂ ಆದ ಮೇಲೆ ಅಕ್ಕನ ಒಪ್ಪಿಗೆ ಪತ್ರ ಬೇಕೆಂದರು. ಮನೆ ಇದ್ದದ್ದು ಅಮ್ಮ ಸ್ವಂತ ದುಡ್ಡಿನಲ್ಲಿ ಕೊಂಡ ಜಾಗದಲ್ಲಿ, ಅಮ್ಮನ ಹೆಸರಿನಲ್ಲೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನಂತೆ ಅದು ಪೂರ್ತಿ ಅವಳದೇ, ಮಕ್ಕಳ ಸಹಿ ಬೇಕಾಗಿಯೇ ಇರಲಿಲ್ಲ. (ಮನೆ ತಂದೆಯದಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಮಾತು ಬೇರೆ. ಆಗ ತಾಯಿ, ಗಂಡುಮಕ್ಕಳು, ಮದುವೆಯಾದ ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿದೆ. ಅವರೆಲ್ಲರ ಒಪ್ಪಿಗೆ ಗಿರಾಕಿ ಹುಡುಕುವ ಮೊದಲೇ ಕೈಯಲ್ಲಿರಲಿ.)

ಈ ನಡುವೆ ‘ಬಣ್ಣದ ಅಳತೆ ತಗೋಬೇಕು’ ಎಂದು ಒಂದು ಕೀಲಿ ಒಯ್ದರು. ಪಕ್ಕದ ಮನೆಯವರು ಫೋನ್ ಮಾಡಿದಾಗಲೇ ವಿಷಯ ತಿಳಿದದ್ದು: ಗೋವಾ ಕಡೆಯ ನಂಬರಿನ ಕಾರುಗಳು ಬರುತ್ತಿವೆ, ಯಾರ್‍ಯಾರೋ ಮನೆಯೊಳಗೆ ಓಡಾಡಿ ವಿಡಿಯೊ ಮಾಡಿಕೊಂಡು ಹೋಗುತ್ತಿದ್ದಾರೆ. ಅಮ್ಮನ ಮನೆಯನ್ನು ಅಮ್ಮನಿಗೆ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಸಣ್ಣ ಮುಂಗಡಕ್ಕೆ ಮನೆ ಕಟ್ಟಿಹಾಕಿ, ಬೇರೆ ಗಿರಾಕಿ ಸಿಕ್ಕರೆ ‘ಸೂಚಿಸಿದವರು’ ಎಂದು ಅವರ ಹೆಸರಿಗೇ ಖರೀದಿಪತ್ರ ಮಾಡಿಸಿ ನಡುವಿನ ಲಾಭ ತಿನ್ನುವುದು, ಸಿಗದಿದ್ದರೆ ದಾಖಲೆ ಸರಿಯಿಲ್ಲ ಎಂದು ಮುಂಗಡ ವಾಪಸ್ ಕೇಳುವುದು. ವಯಸ್ಸಾದವರು ಒಂಟಿಯಾಗಿರುವ ಮನೆಗಳನ್ನೇ ಹುಡುಕಿಕೊಂಡು ಬರುತ್ತಾರೆ, ನನಗೆ ಹೆಚ್ಚು ಸಂಕಟ ಆಗುವುದು ಅದಕ್ಕೆ.

ರದ್ದು ಮಾಡೋಣವೆಂದರೆ ಸುಲಭವಿಲ್ಲ. ನೋಂದಣಿಯಾದ ಅಗ್ರಿಮೆಂಟ್ ಇಸಿಯಲ್ಲಿ ಕಾಣುತ್ತದೆ. ಅದು ಇರುವ ತನಕ ಹೊಸ ಗಿರಾಕಿಗೆ ಬ್ಯಾಂಕ್ ಸಾಲ ಕೊಡಲಿಲ್ಲ. ತೆಗೆಸಬೇಕಾದರೆ ಎರಡೂ ಕಡೆಯವರು ಬಂದು ರದ್ದತಿ ಪತ್ರ ಮಾಡಬೇಕು, ಇಲ್ಲವೇ ಕೋರ್ಟು. ಕೋರ್ಟಿಗೆ ಹೋದರೆ ಕೊಳ್ಳುವವರ ಕೈಯೂ ಬಲವಾಗಿಯೇ ಇದೆ, ನಿರ್ದಿಷ್ಟ ಪರಿಹಾರ ಕಾಯ್ದೆಯ (ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್) 2018ರ ತಿದ್ದುಪಡಿಯ ನಂತರ ಕರಾರನ್ನು ಜಾರಿ ಮಾಡಿಸುವ ದಾವೆಯಲ್ಲಿ ನ್ಯಾಯಾಧೀಶರ ವಿವೇಚನೆಗೆ ಮೊದಲಿನಷ್ಟು ಜಾಗವಿಲ್ಲ. ಅಂಥ ದಾವೆಗೆ ಮೂರು ವರ್ಷದ ಗಡುವು. ಅಗ್ರಿಮೆಂಟಿನಲ್ಲಿ ತಾರೀಖು ಇದ್ದರೆ ಗಡುವು ಆ ತಾರೀಖಿನಿಂದ ಶುರು. ತಾರೀಖೇ ಇಲ್ಲದಿದ್ದರೆ, ಮಾರುವವರು ಒಲ್ಲೆ ಎಂದದ್ದು ಕೊಳ್ಳುವವರಿಗೆ ತಿಳಿದ ದಿನದಿಂದ. ‘ತೃಪ್ತಿಯಾಗುವಂತೆ’ ಎಂಬ ಸಾಲು ಯಾಕಿತ್ತೆಂದು ವಕೀಲರು ಇದನ್ನು ಬಿಡಿಸಿ ಹೇಳಿದಾಗ ಅರ್ಥವಾಯಿತು. ಕೊನೆಗೆ ಮುಂಗಡದ ಮೇಲೆ ಇನ್ನಷ್ಟು ಸೇರಿಸಿ ಕೊಟ್ಟು ಬಿಡಿಸಿಕೊಂಡೆವು.

ಆದ್ದರಿಂದ ಕರಡು ನಿಮ್ಮ ವಕೀಲರೇ ಬರೆಯಲಿ. ಇಂಥ ತಿಂಗಳು ಇಂಥ ತಾರೀಖಿನೊಳಗೆ ಎಂದು ಇರಲಿ, ತಪ್ಪಿದರೆ ಮುಂಗಡ ಏನಾಗುತ್ತದೆ ಎಂಬುದೂ ಇರಲಿ. ಯಾವ ಯಾವ ದಾಖಲೆ ಕೊಡಬೇಕೆಂದು ಹೆಸರು ಹಿಡಿದು ಬರೆಸಿ. ‘ಸೂಚಿಸಿದವರು’ ಎಂಬ ಪದ ಹೊಡೆದುಹಾಕಿಸಿ. ನಗದು ಮುಂಗಡವನ್ನಂತೂ ಮುಟ್ಟಬೇಡಿ: ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ತಗೊಂಡವರಿಗೆ. ಪೂರ್ತಿ ಹಣ ಖಾತೆಗೆ ಬಂದು ಖರೀದಿಪತ್ರ ನೋಂದಣಿಯಾಗುವ ತನಕ ಕೀಲಿ ನಿಮ್ಮಲ್ಲೇ ಇರಲಿ, ಬಣ್ಣಕ್ಕೂ ಬೇಡ, ಸಾಮಾನು ಇಡಲಿಕ್ಕೂ ಬೇಡ.

ಮನೆ ಬಿಟ್ಟುಕೊಡುವ ದಿನ ಜೂನ್‌ನಿಂದ ಆಗಸ್ಟಿನೊಳಗೆ ಬೀಳದಂತೆಯೂ ನೋಡಿಕೊಳ್ಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲಾ–ಕುಮಟಾ ನಡುವೆ ಹೆದ್ದಾರಿಯೇ ಬಂದಾಗಿತ್ತು, ಘಟ್ಟದ ರಸ್ತೆಗಳ ಪಾಡೂ ಮಳೆಯಲ್ಲಿ ಹಾಗೇ. ಸಾಮಾನು ಸಾಗಿಸುವ ಗಾಡಿಯವರ ಹತ್ತಿರ ಇಳಿಸುವ ಕೂಲಿ ಸೇರಿ ಪೂರ್ತಿ ಬಾಡಿಗೆ ಎಷ್ಟೆಂದು ಬರೆಸಿಕೊಳ್ಳಿ. ಸಾಮಾನು ಏರಿದ ಮೇಲೆ ರೇಟು ಏರಿಸುವವರಿದ್ದಾರೆ. ಕೀಲಿ ಕೊಡುವ ದಿನ ಹೆಸ್ಕಾಂ ಮೀಟರಿನ ರೀಡಿಂಗ್ ಫೋಟೊ ತೆಗೆದುಕೊಂಡು, ಆರ್‌ಆರ್ ನಂಬರನ್ನು ಕೊಂಡವರ ಹೆಸರಿಗೆ ಮಾಡಿಸುವ ಅರ್ಜಿಗೆ ಅಲ್ಲೇ ಸಹಿ ಹಾಕಿಸಿಕೊಳ್ಳಿ.